ಉಸಿರಿನ ಯಂತ್ರ ಮತ್ತು ಉಬ್ಬುವ ಹೊಟ್ಟೆ

ಗೊರಕೆಯನ್ನು ಸುಖನಿದ್ರೆಯ ಲಕ್ಷಣವೆಂದೇ ನಮ್ಮ ಹಿರಿಯರು ತಿಳಿದಿದ್ದರು. ಗೊರಕೆಯ ನಡುವೆ ಉಸಿರು ಥಟ್ಟನೆ ನಿಂತು, ಸ್ವಲ್ಪ ಹೊತ್ತಿನ ಬಳಿಕ ಏದುಸಿರಿನೊಡನೆ ಮರಳುವುದು ಒಂದು ವ್ಯಾಧಿ, ಅದಕ್ಕೆ ಸ್ಲೀಪ್ ಅಪ್ನಿಯ ಎಂದು ಹೆಸರು ಎಂಬ ಅರಿವು ಇಂದು ನಗರವಾಸಿ ಕುಟುಂಬಗಳಲ್ಲಿ ಸಾಕಷ್ಟು ಹರಡಿದೆ. ನಿದ್ರೆಯ ಪರೀಕ್ಷೆ ಮಾಡಿಸಿಕೊಂಡು ಸಿ-ಪ್ಯಾಪ್ ಯಂತ್ರವನ್ನು ಮನೆಗೆ ತಂದ ಬಂಧುಗಳು ನಮ್ಮಲ್ಲಿ ಅನೇಕರಿಗೆ ಇದ್ದಾರೆ. ಆದರೆ ಹೀಗೆ ತಂದ ಯಂತ್ರಗಳಲ್ಲಿ ಕೆಲವು ಕೆಲವೇ ವಾರಗಳಲ್ಲಿ ಕಪಾಟು ಸೇರುತ್ತವೆ. ಕೇಳಿದರೆ ಮಾಸ್ಕ್ ಒತ್ತುತ್ತದೆ, ಬಾಯಿ ಒಣಗುತ್ತದೆ ಎಂಬ ಉತ್ತರ ದೊರೆಯುತ್ತದೆ. ಬಾಯಿಬಿಟ್ಟು ಹೇಳದ ಮತ್ತೊಂದು ಕಾರಣವಿದೆ. ಅದು ಹೊಟ್ಟೆಯುಬ್ಬರ, ಎಡೆಬಿಡದ ತೇಗು, ಅಪಾನವಾಯು.

ನಮ್ಮ ಬಳಗದ ಹಿರಿಯರೊಬ್ಬರು, ಮುಂಬಯಿಯ ಉಪನಗರದಲ್ಲಿ ನಾಲ್ಕು ದಶಕ ಕಳೆದ ನಿವೃತ್ತ ಬ್ಯಾಂಕ್ ಉದ್ಯೋಗಿ, ಯಂತ್ರ ಬಂದ ಹದಿನೈದು ದಿನಗಳಲ್ಲೇ ಅದನ್ನು ಕಟ್ಟಿಟ್ಟರು. ನಿಜವಾದ ಸಂಗತಿ ಗೊತ್ತಾದುದು ಅವರ ಶ್ರೀಮತಿಯವರಿಂದ. "ಬೆಳಿಗ್ಗೆ ಎದ್ದರೆ ಇವರ ಹೊಟ್ಟೆ ತಂಬೂರಿಯ ಬುರುಡೆಯ ಹಾಗೆ ಆಗಿರುತ್ತದೆ. ಡಾಕ್ಟರ ಹತ್ತಿರ ಹೇಳಿ ಅಂದರೆ ನಾಚಿಕೆ ಅಂತಾರೆ" ಎಂದರು. ಮಗ, ಸೊಸೆ, ಮೊಮ್ಮಕ್ಕಳೊಡನೆ ಎರಡು ಕೋಣೆಗಳಲ್ಲಿ ಬಾಳುವವರ ನಾಚಿಕೆ ನಮಗೂ ಅರ್ಥವಾಗುವಂಥದೇ. ಆದರೆ ಆ ನಾಚಿಕೆಯ ದೆಸೆಯಿಂದ ಅವರು ಮತ್ತೆ ರಾತ್ರಿಯಿಡೀ ಉಸಿರುಗಟ್ಟಿ ಮಲಗುವಂತಾಯಿತು. ಈ ಲೇಖನವನ್ನು ಸಿದ್ಧಪಡಿಸಲು ನಮಗೆ ಪ್ರೇರಣೆಯಾದುದು ಇದೇ ಪ್ರಸಂಗ.

ಗಾಳಿ ದಾರಿ ತಪ್ಪುವ ಬಗೆ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ಹಾದಿ ಮುಚ್ಚಿಕೊಳ್ಳುವುದೇ ಈ ವ್ಯಾಧಿಯ ಮೂಲ. ಕನಿಷ್ಠ 10 ಸೆಕೆಂಡುಗಳ ಕಾಲ ಉಸಿರು ನಿಂತರೆ ಅದನ್ನು ಒಂದು ತಡೆಯೆಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಂತ ಮತ್ತು ಬಹುಮಟ್ಟಿಗೆ ಕುಗ್ಗಿದ ಘಟನೆಗಳು ಸೇರಿ ಗಂಟೆಗೆ 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗಿದ್ದರೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಅವರು 1980ರಲ್ಲಿ ಮೂಗಿನ ಮೂಲಕ ಸತತವಾಗಿ ಗಾಳಿಯನ್ನು ಒತ್ತಿ ಈ ಹಾದಿಯನ್ನು ತೆರೆದಿಡುವ ಉಪಾಯವನ್ನು ಕಂಡುಕೊಂಡರು. ಐವರು ರೋಗಿಗಳ ಮೇಲಿನ ಆ ಪ್ರಯೋಗದ ವಿವರ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಸಿ-ಪ್ಯಾಪ್ ಅದರದೇ ಸಂತತಿ.

ಯಂತ್ರದ ಒತ್ತಡವನ್ನು ನೀರಿನ ಸೆಂಟಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಲೋಟದ ನೀರಿನಲ್ಲಿ ಕೊಳವೆಯೊಂದನ್ನು 10 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿ, ಅದರ ತುದಿಯಿಂದ ಗುಳ್ಳೆ ಏಳುವಂತೆ ಊದಲು ಎಷ್ಟು ಬಲ ಬೇಕೋ ಅದೇ 10ರ ಒತ್ತಡ. ಮನೆಯ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಕೆಲಸ ಮಾಡುತ್ತವೆ. ಇಲ್ಲಿಯೇ ತೊಡಕು. ಗಂಟಲಿನಲ್ಲಿ ಹಾದಿ ಎರಡು, ಒಂದು ಶ್ವಾಸಕೋಶಕ್ಕೆ, ಇನ್ನೊಂದು ಜಠರಕ್ಕೆ. ಅನ್ನನಾಳದ ಮೇಲ್ತುದಿಯಲ್ಲಿ ಬಳೆಯಂತಹ ಸ್ನಾಯುವೊಂದು ಕಾವಲುಗಾರನಂತೆ ಬಾಗಿಲು ಮುಚ್ಚಿಕೊಂಡಿದ್ದು, ಮುಖ್ಯವಾಗಿ ನುಂಗುವಾಗ ತೆರೆಯುತ್ತದೆ. ಒತ್ತಡ ಅಗತ್ಯಕ್ಕಿಂತ ಹೆಚ್ಚಾದಾಗ, ಅಥವಾ ನಿದ್ರೆ ಕದಡಿ ರೋಗಿ ಪದೇ ಪದೇ ಎಂಜಲು ನುಂಗಿದಾಗ, ಗಾಳಿಯೂ ಜೊತೆಗೆ ಒಳಗಿಳಿಯುತ್ತದೆ. ವೈದ್ಯರು ಇದನ್ನು ಏರೋಫೇಜಿಯಾ ಎನ್ನುತ್ತಾರೆ, ಎಂದರೆ ಗಾಳಿ ನುಂಗುವಿಕೆ. ಗಾಳಿಯ ಬಹುಪಾಲು ಸಾರಜನಕ. ಅದನ್ನು ಕರುಳು ಅಷ್ಟಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಅದು ಮೇಲಿನಿಂದಲೋ ಕೆಳಗಿನಿಂದಲೋ ಹೊರಹೋಗಲೇಬೇಕು.

ಇದು ಊಟದಿಂದ ಬಂದ ಗ್ಯಾಸೋ ಯಂತ್ರದಿಂದ ಬಂದುದೋ ಎಂದು ಮನೆಯಲ್ಲಿಯೇ ಮಟ್ಟಿಗೆ ಊಹಿಸಬಹುದು. ನುಂಗಿದ ಗಾಳಿಯ ಉಬ್ಬರ ಏಳುವ ಹೊತ್ತಿಗೆ ಅತಿ ಹೆಚ್ಚಾಗಿದ್ದು, ದೊಡ್ಡ ತೇಗುಗಳೊಡನೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಹೊರಬೀಳುವ ವಾಯುವಿಗೆ ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ. ಯಂತ್ರ ಹಾಕಿಕೊಳ್ಳದ ರಾತ್ರಿ ತೊಂದರೆಯೂ ಇರುವುದಿಲ್ಲ. ಊಟದ ಗ್ಯಾಸು ಹಾಗಲ್ಲ. ಅದು ಹಗಲಿನಲ್ಲಿ, ಉಂಡ ಕೆಲವು ಗಂಟೆಗಳ ಮೇಲೆ ಕಾಡುತ್ತದೆ. ಈ ಭೇದ ತಿಳಿಯದೆ ಬೇಳೆ ಬಿಟ್ಟು, ಆಲೂಗಡ್ಡೆ ಬಿಟ್ಟು, ಕೊನೆಗೆ ಗಂಜಿಗಿಳಿದವರನ್ನು ನಾವು ಕಂಡಿದ್ದೇವೆ. ರಾತ್ರಿ ಮಲಗುವ ಮುನ್ನ ಹಣ್ಣಿನ ಉಪ್ಪೆಂದು ಕರೆಯುವ ಸೋಡಾಪುಡಿ ಕುಡಿಯುವ ರೂಢಿಯೂ ಇದೆ. ಅದು ಹೊಟ್ಟೆಯಲ್ಲಿ ತಾನೇ ಇಂಗಾಲಾಮ್ಲ ಅನಿಲವನ್ನು ಹುಟ್ಟಿಸುತ್ತದೆ, ಮೇಲಾಗಿ ಸೋಡಿಯಂ ಇರುವುದರಿಂದ ರಕ್ತದೊತ್ತಡ ಇದ್ದವರಿಗೆ ಹಿತವಲ್ಲ.

ಎದೆಯುರಿಯ ನಂಟು

ಆಮ್ಲ ಮೇಲೇರುವ ತೊಂದರೆ ಇದ್ದವರಲ್ಲಿ ಗಾಳಿ ನುಂಗುವಿಕೆ ಹೆಚ್ಚೆಂದು ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಪ್ರಾಥಮಿಕ ಅಧ್ಯಯನ ತೋರಿಸಿತು. ಅನ್ನನಾಳದ ಕೆಳತುದಿಯ ಬಳೆಸ್ನಾಯು ಸಡಿಲವಾಗಿರುವವರಲ್ಲಿ ಗಾಳಿ ಸುಲಭವಾಗಿ ಜಠರಕ್ಕಿಳಿಯುತ್ತದೆ; ಜಠರ ಉಬ್ಬಿದಾಗ ಅದೇ ಸ್ನಾಯು ಮತ್ತಷ್ಟು ತೆರೆದುಕೊಂಡು ಆಮ್ಲ ಮೇಲೇರುತ್ತದೆ. ಹಾಗೆಂದು ಯಂತ್ರವೇ ಎದೆಯುರಿಗೆ ಕಾರಣವೆಂದು ತೀರ್ಮಾನಿಸಲಾಗದು. ಸಿ-ಪ್ಯಾಪ್ ಆರಂಭಿಸಿದ ಮೇಲೆ ರಾತ್ರಿಯ ಎದೆಯುರಿ ಕಡಿಮೆಯಾದವರೂ ಬಹಳ ಮಂದಿ ಇದ್ದಾರೆ. ಆದುದರಿಂದ ಹಳೆಯ ಎದೆಯುರಿ, ಹಯಟಸ್ ಹರ್ನಿಯಾ, ಜಠರದ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆ (ತೂಕ ಇಳಿಸಲು ಮಾಡಿದುದೂ ಸೇರಿದಂತೆ) ಇವುಗಳ ಇತಿಹಾಸವನ್ನು ನಿದ್ರಾತಜ್ಞರಿಗೆ ಮೊದಲೇ ತಿಳಿಸಬೇಕು. ಎದೆಯುರಿಗೆ ಸರಿಯಾದ ಚಿಕಿತ್ಸೆ ದೊರೆತಾಗ ಗಾಳಿಯ ಕಾಟವೂ ತಗ್ಗುವುದುಂಟು.

ಪರಿಹಾರದ ಹಾದಿ

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಒತ್ತಡವನ್ನು. ಸ್ಥಿರ ಒತ್ತಡದ ಯಂತ್ರದಲ್ಲಿ ರಾತ್ರಿಯ ಅತಿ ಕಷ್ಟದ ಗಳಿಗೆಗೆ, ಅಂದರೆ ಅಂಗಾತ ಮಲಗಿ ಕನಸು ಕಾಣುವ ಹೊತ್ತಿಗೆ, ಎಷ್ಟು ಬೇಕೋ ಅಷ್ಟನ್ನು ಇಡೀ ರಾತ್ರಿಗೆ ನಿಗದಿಪಡಿಸಿರುತ್ತಾರೆ. ಪಕ್ಕಕ್ಕೆ ಹೊರಳಿದಾಗ ಅಷ್ಟು ಬೇಕಾಗದಿರಬಹುದು. ಉಸಿರಾಟವನ್ನು ಗಮನಿಸುತ್ತ ಒತ್ತಡವನ್ನು ತಾನೇ ಏರಿಳಿಸುವ ಆಟೋ ಯಂತ್ರಗಳು ಇಲ್ಲಿ ನೆರವಾಗುತ್ತವೆ. ಗಾಳಿ ನುಂಗುವ ತೊಂದರೆಯಿದ್ದವರಲ್ಲಿ ಎರಡೂ ಬಗೆಯನ್ನು ಹೋಲಿಸಿ ಆಸ್ಟ್ರೇಲಿಯದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟೋ ಯಂತ್ರದಿಂದ ಹೊಟ್ಟೆಯ ಲಕ್ಷಣಗಳು ತಗ್ಗಿದುದು ಕಂಡುಬಂದಿತು. ಉಸಿರು ಬಿಡುವಾಗ ಮಾತ್ರ ಒತ್ತಡವನ್ನು ತುಸು ಇಳಿಸುವ ಸೌಲಭ್ಯ ಬಹಳಷ್ಟು ಯಂತ್ರಗಳಲ್ಲಿ ಈಗಾಗಲೇ ಇದ್ದು, ಅದನ್ನು ಯಾರೂ ಚಾಲೂ ಮಾಡಿರುವುದಿಲ್ಲ. ಇದಾವುದೂ ಫಲಿಸದಿದ್ದರೆ ಒಳಗೆಳೆಯುವಾಗ ಒಂದು, ಹೊರಬಿಡುವಾಗ ಇನ್ನೊಂದು ಒತ್ತಡ ನೀಡುವ ಬೈ-ಪ್ಯಾಪ್ ಕುರಿತು ವೈದ್ಯರು ಯೋಚಿಸುತ್ತಾರೆ. ಸಣ್ಣ ಒತ್ತಡದಿಂದ ಆರಂಭಿಸಿ ನಿಧಾನವಾಗಿ ಏರಿಸುವ ಏರ್ಪಾಟು ನಿದ್ರೆ ಹತ್ತಲು ಸಹಾಯಕವಾದರೂ, ಆರಂಭದ ಒತ್ತಡ ತೀರ ಕಡಿಮೆಯಾದರೆ ಕೆಲವರು ಉಸಿರು ಸಾಲದೆ ಗಾಳಿಯನ್ನು ಗುಟುಕರಿಸುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ನಗರಗಳಲ್ಲಿ ಯಂತ್ರ ಮಾರುವವರ ಪ್ರತಿನಿಧಿಯೇ ಮನೆಗೆ ಬಂದು ಅದನ್ನು ಹೊಂದಿಸಿಕೊಟ್ಟು ಹೋಗುವುದು ರೂಢಿ. ಮುಂದೆ ತೊಂದರೆಯಾದಾಗ ಜನ ವೈದ್ಯರ ಬದಲು ಆತನಿಗೇ ಫೋನು ಮಾಡುತ್ತಾರೆ, ಆತ ಫೋನಿನಲ್ಲೇ ಒತ್ತಡ ಇಳಿಸುವ ಬಗೆಯನ್ನು ಹೇಳಿಕೊಡುತ್ತಾನೆ. ಹೊಟ್ಟೆ ಹಗುರವಾಗುತ್ತದೆ, ಆದರೆ ಉಸಿರಿನ ತಡೆಗಳು ಸದ್ದಿಲ್ಲದೆ ಮರಳುತ್ತವೆ. ಒತ್ತಡ ಬದಲಿಸಿದ ಮೇಲೆ ಯಂತ್ರದಲ್ಲಿ ದಾಖಲಾಗುವ ಗಂಟೆವಾರು ತಡೆಗಳ ಸಂಖ್ಯೆಯನ್ನು ವೈದ್ಯರು ಪರಿಶೀಲಿಸಲೇಬೇಕು.

ಎರಡನೆಯದು ಮೂಗು ಮತ್ತು ಮಾಸ್ಕ್. ಮೂಗು ಕಟ್ಟಿದ್ದರೆ ಬಾಯಿ ತೆರೆಯುತ್ತದೆ, ಬಾಯಿಯಿಂದ ಗಾಳಿ ಸೋರುತ್ತದೆ. ಸೋರಿಕೆಯನ್ನು ತುಂಬಿಕೊಡಲು ಆಟೋ ಯಂತ್ರ ಒತ್ತಡ ಏರಿಸುವುದೂ ಉಂಟು. ಮುಂಬಯಿಯ ಮಳೆಗಾಲದ ಬೂಷ್ಟು, ದೆಹಲಿಯ ಚಳಿಗಾಲದ ಹೊಗೆ ಇವೆರಡೂ ಮೂಗಿನ ಶತ್ರುಗಳೇ. ಉಪ್ಪುನೀರಿನಿಂದ ಮೂಗು ತೊಳೆಯುವುದು ಹಿತಕರ. ಜಲನೇತಿ ಬಲ್ಲವರಿಗೆ ಇದು ಹೊಸತಲ್ಲ, ಆದರೆ ನೀರು ಕುದಿಸಿ ಆರಿಸಿದ್ದಾಗಿರಬೇಕು, ನಲ್ಲಿಯದಲ್ಲ. ಮೂಗು ಬಿಡಿಸುವ ಅಂಗಡಿ ಹನಿಮದ್ದುಗಳನ್ನು ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಯಂತ್ರದ ತೇವಪಾತ್ರೆಗೆ ಡಿಸ್ಟಿಲ್ಡ್ ನೀರು ಹಾಕಿ ಪ್ರತಿದಿನ ಬದಲಿಸುವುದು ಒಳಿತು. ಮಾಸ್ಕ್ ವಿಷಯದಲ್ಲಿ ಎಲ್ಲರಿಗೂ ಒಪ್ಪುವ ಒಂದೇ ನಿಯಮವಿಲ್ಲ. ಬಾಯಿ ತೆರೆಯುವವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಅನುಕೂಲವೆನಿಸಬಹುದು, ಕೆಲವರು ಅದರಲ್ಲಿಯೇ ಹೆಚ್ಚು ಗಾಳಿ ನುಂಗುತ್ತಾರೆ. ಗಲ್ಲದ ಪಟ್ಟಿಯನ್ನು ಮೂಗು ಕಟ್ಟಿರುವಾಗ ಬಿಗಿಯಕೂಡದು. ವಾಂತಿಯಾಗುವಂತಿರುವ ರಾತ್ರಿ, ಅಥವಾ ತಾವೇ ಕಳಚಿಕೊಳ್ಳಲಾಗದ ಅಶಕ್ತರಿಗೆ, ಬಾಯಿ ಮುಚ್ಚುವ ಮಾಸ್ಕ್ ಅಪಾಯಕರ. ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು.

ಮಲಗುವ ಭಂಗಿಯೂ ಮುಖ್ಯ. ಎಡಮಗ್ಗುಲು ಉತ್ತಮ, ಜಠರದ ರಚನೆಯಿಂದಾಗಿ ಆ ಭಂಗಿಯಲ್ಲಿ ಆಮ್ಲ ಮೇಲೇರುವುದು ಕಡಿಮೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಅಂಗುಲದ ಮರದ ದಿಮ್ಮಿ ಇಡುವುದು ಹಳೆಯ, ಫಲಕಾರಿ ಉಪಾಯ. ನಮ್ಮ ಫ್ಲ್ಯಾಟುಗಳ ಮಂಚಗಳು ಒಳಗೆ ಸಾಮಾನು ತುಂಬುವ ಪೆಟ್ಟಿಗೆಗಳಾದ್ದರಿಂದ ಅವಕ್ಕೆ ಕಾಲುಗಳೇ ಇರುವುದಿಲ್ಲ. ಅಂಥಲ್ಲಿ ಸೊಂಟದಿಂದ ತಲೆಯವರೆಗೆ ಇಳಿಜಾರಾಗಿರುವ ದಿಂಬು ಸಾಕು. ಎರಡು ಮೂರು ಸಾಧಾರಣ ದಿಂಬುಗಳನ್ನು ಪೇರಿಸಿದರೆ ಕತ್ತು ಮುರಿದಂತಾಗಿ ಹೊಟ್ಟೆಯೂ ಒತ್ತಲ್ಪಡುತ್ತದೆ.

ಇನ್ನು ಊಟ. ಪಥ್ಯಕ್ಕಿಂತ ಹೊತ್ತು ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಕಚೇರಿ ಬಿಟ್ಟು ಲೋಕಲ್ ಹಿಡಿದು ಮನೆ ಸೇರುವಾಗ ಎಂಟೂವರೆ, ಊಟ ಹತ್ತಕ್ಕೆ, ಹತ್ತೂವರೆಗೆ ಹಾಸಿಗೆ ಎಂಬ ದಿನಚರಿಯಲ್ಲಿ ತುಂಬಿದ ಜಠರಕ್ಕೆ ಯಂತ್ರದ ಗಾಳಿಯೂ ಸೇರುತ್ತದೆ. (ಸಂಘದ ಸಮಾರಂಭಗಳ ಕೊನೆಗೆ ಬಡಿಸುವ ಊಟವೂ ಈ ಆರೋಪದಿಂದ ಮುಕ್ತವಲ್ಲ.) ಮಲಗುವುದಕ್ಕೆ ಮೂರು ಗಂಟೆ ಮುಂಚೆ ಉಣ್ಣುವುದು ಅಸಾಧ್ಯವಾದರೆ, ಸಂಜೆ ಆರೇಳರ ಹೊತ್ತಿಗೆ ಕಚೇರಿಯಲ್ಲಿಯೇ ಅವಲಕ್ಕಿ, ಇಡ್ಲಿಯಂಥದನ್ನು ತಿಂದು, ರಾತ್ರಿ ಒಂದು ಹಿಡಿ ಅನ್ನ ಸಾರಿಗೆ ಮುಗಿಸಬಹುದು. ಅವರೆಕಾಳಿನ ಹುಳಿ, ಉದ್ದಿನ ವಡೆ, ಹೂಕೋಸುಗಳನ್ನು ಹಗಲೂಟಕ್ಕೆ ಇಟ್ಟುಕೊಳ್ಳುವುದು ಲೇಸು. ಸೋಡಾ, ತಂಪು ಪಾನೀಯ ರಾತ್ರಿ ಬೇಡ. ಮದ್ಯ ಗಂಟಲನ್ನು ಸಡಿಲಿಸಿ ಅಪ್ನಿಯವನ್ನೂ ಎದೆಯುರಿಯನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಉಂಡ ಮೇಲೆ ನೂರು ಹೆಜ್ಜೆ ನಡೆಯುವುದನ್ನು ನೆರೆಯ ಮರಾಠಿ ಬಂಧುಗಳು ಶತಪಾವಲಿ ಎನ್ನುತ್ತಾರೆ. ಅದನ್ನು ಅವರಿಂದ ಧಾರಾಳವಾಗಿ ಕಡ ಪಡೆಯಬಹುದು.

ತೂಕ ಇಳಿದರೆ ಬೇಕಾಗುವ ಒತ್ತಡವೂ ಇಳಿಯುವ ಸಂಭವವಿದೆ. ಸ್ಥೂಲಕಾಯದೊಡನೆ ಮಧ್ಯಮ ಅಥವಾ ತೀವ್ರ ಅಪ್ನಿಯ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಭಾರತದಲ್ಲಿ ಮಧುಮೇಹ ಮತ್ತು ತೂಕಕ್ಕಾಗಿ ಅದು 2025ರಲ್ಲಿ ಮಾರುಕಟ್ಟೆಗೆ ಬಂದಿದೆ. ಅದನ್ನು ತೆಗೆದುಕೊಳ್ಳುವವರು ಗಮನಿಸಬೇಕಾದುದೇನೆಂದರೆ, ಆ ಔಷಧ ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ಓಕರಿಕೆ, ಮಲಬದ್ಧತೆ ಅದರ ಪರಿಚಿತ ಅಡ್ಡಪರಿಣಾಮಗಳು. ಹೊಟ್ಟೆಯುಬ್ಬರಕ್ಕೆ ಯಂತ್ರವೊಂದನ್ನೇ ದೂರುವ ಮೊದಲು ಅದನ್ನೂ ವೈದ್ಯರ ಗಮನಕ್ಕೆ ತರಬೇಕು. ಯಂತ್ರ ಎಷ್ಟು ಮಾಡಿದರೂ ಒಗ್ಗದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತವೈದ್ಯರ ಸಾಧನ ಪರ್ಯಾಯವಾಗಬಹುದು, ವಿಶೇಷವಾಗಿ ಸೌಮ್ಯ ಮತ್ತು ಮಧ್ಯಮ ಸ್ಥಿತಿಯಲ್ಲಿ.

ಎದೆಯಲ್ಲಿ ಬಿಗಿತ, ಬೆವರು, ತೋಳಿಗೆ ಹರಿಯುವ ನೋವು ಇದ್ದರೆ ಗ್ಯಾಸೆಂದು ಕೂರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಕಪ್ಪಾದ ಮಲ, ರಕ್ತವಾಂತಿ, ನಿಲ್ಲದ ವಾಂತಿ, ಹೊಟ್ಟೆ ಕಲ್ಲಿನಂತಾಗಿ ವಾಯು ಹೊರಹೋಗದೆ ನೋವು ಏರುತ್ತಿರುವುದು ಇವೂ ಕಾಯುವ ಲಕ್ಷಣಗಳಲ್ಲ.

ವೈದ್ಯರ ಬಳಿಗೆ ಹೋಗುವಾಗ ಯಂತ್ರವನ್ನೂ ಮಾಸ್ಕನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಎರಡು ವಾರಗಳ ಕಾಲ ಮಲಗಿದ ಹೊತ್ತು, ಉಂಡ ಹೊತ್ತು, ಬೆಳಗಿನ ಉಬ್ಬರ ಇಷ್ಟನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಯಂತ್ರದ ದಾಖಲೆಯೊಡನೆ ಹೋಲಿಸಲು ಅವರಿಗೆ ಅನುಕೂಲ. ಸಾಧ್ಯವಾದರೆ ಜೊತೆಯಲ್ಲಿ ಮಲಗುವವರೇ ಜೊತೆಗೆ ಹೋಗುವುದು ಇನ್ನೂ ಒಳಿತು, ರೋಗಿ ಹೇಳಲು ಸಂಕೋಚಪಡುವುದನ್ನು ಅವರು ಹೇಳಿಯಾರು. ಮೇಲೆ ಹೇಳಿದ ಹಿರಿಯರ ಮನೆಯಲ್ಲಿ ನಡೆದುದೂ ಹೀಗೆಯೇ. ಯಂತ್ರವನ್ನು ಆಟೋಗೆ ಬದಲಿಸಿ, ಇಳಿಜಾರಿನ ದಿಂಬು ತಂದು, ಊಟವನ್ನು ಎಂಟಕ್ಕೆ ಹಿಂದೂಡಿ, ಎದೆಯುರಿಗೆ ಮಾತ್ರೆ ಆರಂಭಿಸಿದ ಮೇಲೆ ಹೊಂದಿಕೊಳ್ಳಲು ಅವರಿಗೆ ಸುಮಾರು ಆರು ವಾರ ಹಿಡಿಯಿತು. ಮದುವೆ ಮನೆಯ ಊಟ ಉಂಡು ಬಂದ ರಾತ್ರಿ ಇಂದಿಗೂ ಹೊಟ್ಟೆ ಗುಡುಗುವುದುಂಟಂತೆ. ಆದರೆ ಯಂತ್ರ ಕಪಾಟಿಗೆ ಮರಳಿಲ್ಲ.