ಕೌದಿ ಕೊಟ್ಟು ಡಬ್ಬಿ ತಗೊಂಡ ಕಥೆ

ಮೊನ್ನೆ ಮಾಲ್‌ಗೆ ಹೋದಾಗ ಮೊಮ್ಮಗಳು ಒಂದು ಅಂಗಡಿಯ ಗಾಜಿನ ಮುಂದೆ ನಿಂತು, "ಅಜ್ಜಾ, ಇಲ್ನೋಡು, ನಮ್ಮ ಮನಿ ಕೌದಿ!" ಎಂದು ಕೂಗಿದಳು. ಬಣ್ಣಬಣ್ಣದ ತುಂಡು ಸೇರಿಸಿ ಕೈಯಿಂದ ಹೊಲಿದ ಹೊದಿಕೆ. ಬೆಲೆಯ ಚೀಟಿ ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಇಂಥದ್ದೇ ಒಂದನ್ನು ನಾನು ಒಮ್ಮೆ ಪುಕ್ಕಟೆ ಕೊಟ್ಟುಬಿಟ್ಟಿದ್ದೇನೆ. ಆ ಕಥೆ ಹೇಳುವ ಮೊದಲು ಕೌದಿಯ ಕಥೆಯನ್ನೇ ಸ್ವಲ್ಪ ಹೇಳುತ್ತೇನೆ.

ಉತ್ತರ ಕರ್ನಾಟಕದವರಿಗೆ ಕೌದಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಹಳೆಯ ಸೀರೆ, ಧೋತರಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ದಪ್ಪ ದಾರದಲ್ಲಿ ಹೊಲಿದ ಹಾಸಿಗೆ-ಹೊದಿಕೆ. ಅಂಚಿನಿಂದ ಶುರುಮಾಡಿ ಸುತ್ತಲೂ ಹೊಲಿಯುತ್ತ ನಡುವಿಗೆ ಬರಬೇಕು. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನಷ್ಟು ಅಂತರ. ನಮ್ಮೂರಲ್ಲಿ ಮಧ್ಯಾಹ್ನ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸಿ, ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ನಾಲ್ಕು ಜನ ಹೆಂಗಸರು ಕೂಡುತ್ತಿದ್ದರು. ಕೈ ಹೊಲಿಯುತ್ತಿತ್ತು, ಬಾಯಿ ಊರ ಸುದ್ದಿ ಹೇಳುತ್ತಿತ್ತು! ಕೊನೆಯ ತುಂಡು ಮುಚ್ಚುವ ಮೊದಲು ನಮ್ಮ ಆಯಿ ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. "ಹಸದ ಹೊಟ್ಟೀಲೆ ಕೌದಿ ಮುಚ್ಚಬಾರದೋ ತಮ್ಮಾ" ಎನ್ನುತ್ತಿದ್ದಳು.

ಇದನ್ನು ಯಾರು, ಎಲ್ಲಿ ಕಂಡುಹಿಡಿದರು ಎಂದು ಕೇಳಿ ಉಪಯೋಗವಿಲ್ಲ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ, ಕೊಲ್ಹಾಪುರದ ಕಡೆ ವಾಕಳ. ನಮ್ಮ "ಕಂತೆಗೆ ತಕ್ಕ ಬೊಂತೆ" ಎಂಬ ಗಾದೆಯಲ್ಲಿರುವ ಎರಡೂ ಶಬ್ದಗಳಿಗೆ ಚಿಂದಿ ಸೇರಿಸಿ ಹೊಲಿದ ಹೊದಿಕೆ ಎಂಬ ಅರ್ಥವಿದೆ. ಬುದ್ಧನ ಭಿಕ್ಷುಗಳ ಚೀವರವನ್ನು ಮಗಧದ ಗದ್ದೆಗಳ ಹಾಗೆ ತುಂಡು ತುಂಡಾಗಿ ಹೊಲಿಯಬೇಕೆಂದು ವಿನಯಪಿಟಕ ಹೇಳುತ್ತದೆ. ಹತ್ತಿ ಬಿಡಿಸಿ, ನೂಲು ತೆಗೆದು, ಮಗ್ಗದಲ್ಲಿ ನೇಯ್ದು ಒಂದು ಸೀರೆ ಆಗಬೇಕಾದರೆ ಎಷ್ಟು ಕೈಗಳ ದುಡಿತ! ಅಂಥ ಬಟ್ಟೆಯನ್ನು ಹರಿಯಿತೆಂದು ಯಾರು ಎಸೆದಾರು?

ಹಾಗಾದರೆ ಗಿರಣಿ ಬಟ್ಟೆ ಬಂದು ಕೌದಿ ಹಾಳಾಯಿತೇ? ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ಮುಂಬಯಿಯಲ್ಲಿ ಕಾವಸಜೀ ದಾವರ್ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ್ದು 1854ರಲ್ಲಿ. ಆಮೇಲೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಹೆಂಗಸರು ಕೌದಿ ಹೊಲಿದೇ ಹೊಲಿದರು. ಗಿರಣಿ ಧೋತರವೂ ಹತ್ತಿಯದೇ, ಒಗೆದಷ್ಟೂ ಮೆತ್ತಗಾಗುವಂಥದ್ದು. ಕೌದಿಗೆ ಕುತ್ತು ತಂದದ್ದು ಬೇರೆ ಮೂರು. ಮೊದಲನೆಯದು ನೈಲಾನ್, ಟೆರಿಲೀನ್. ಬೆವರು ಹೀರುವುದಿಲ್ಲ, ಪದರಗಳು ಜಾರುತ್ತವೆ. ಎರಡನೆಯದು ಕೈಗೆಟುಕುವ ಬೆಲೆಯ ಸೊಲ್ಲಾಪುರ ಚಾದರ. ಮೂರನೆಯದನ್ನು ಮುಂಬಯಿಯವರು ಚೆನ್ನಾಗಿ ಬಲ್ಲರು: ಬೋಹಾರೀಣ್! ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು. ಗುಜರಾತ್ ಮೂಲದ ವಾಘರಿ ಸಮುದಾಯದ ಹೆಂಗಸರು ಬೆಳೆಸಿದ ವ್ಯಾಪಾರ ಇದು. ಅವರಿಗೂ ಹೊಟ್ಟೆಪಾಡು, ತಪ್ಪಿಲ್ಲ. ಆದರೆ ಹಳೆ ಸೀರೆಗೆ ಹೊಳೆಯುವ ಡಬ್ಬಿ ಸಿಗುವಾಗ ಕೌದಿಗೆ ಸೀರೆ ಎಲ್ಲಿ ಉಳಿಯಬೇಕು?

ಈಗ ನನ್ನ ಕಥೆ. ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ನಾನು ಹುಟ್ಟಿದ್ದು 1951ರಲ್ಲಿ, ಅಂದರೆ ಆಗ ನಮ್ಮೂರೂ ಮುಂಬಯಿ ರಾಜ್ಯದಲ್ಲೇ ಇತ್ತು. 1971ರಲ್ಲಿ ಈ ನಗರಕ್ಕೆ ಬಂದು ಪರಳದ ಒಂದು ಗಿರಣಿಯಲ್ಲಿ ಗುಮಾಸ್ತನಾದೆ. ಮದುವೆಯಾದಾಗ ಅವ್ವ ಒಂದು ಕೌದಿ ತಂದುಕೊಟ್ಟಳು. ಅದರಲ್ಲಿ ಆಯಿಯ ಇಳಕಲ್ ಸೀರೆ ಇತ್ತು, ಅಪ್ಪನ ಧೋತರ ಇತ್ತು, ಗುಳೇದಗುಡ್ಡದ ಖಣದ ಚೂರುಗಳಿದ್ದವು, ನನ್ನ ಶಾಲೆಯ ಅಂಗಿಯೂ ಇತ್ತು. ಚಾಳಿನ ಒಂದೇ ಕೋಣೆಯಲ್ಲಿ ಅದನ್ನೇ ಹಾಸಿ ಮಲಗಿದೆವು, ಅದರ ಮೇಲೇ ಮಕ್ಕಳು ಬೆಳೆದವು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ನನ್ನ ಕೆಲಸವೂ ಹೋಯಿತು. ಆ ಕಷ್ಟದ ವರ್ಷಗಳಲ್ಲಿಯೂ ಕೌದಿ ನಮ್ಮ ಜೊತೆಗೇ ಇತ್ತು.

1994ರಲ್ಲಿ ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟ್ ಆಯಿತು. ಹೊಸ ಮನೆ, ಹೊಸ ಮಂಚ. ಕೌದಿ ನೋಡಿದರೆ ನನಗೆ ಚಾಳು ನೆನಪಾಗುತ್ತಿತ್ತು, ನಾಚಿಕೆಯಾಗುತ್ತಿತ್ತು. ಸಾಮಾನು ಕಟ್ಟುವಾಗ ಬೋಹಾರೀಣ್ ಬಂದಳು. ಹೆಂಡತಿಯ ಹಳೆ ಸೀರೆಗಳಿಗೆ ಒಂದು ದೊಡ್ಡ ಡಬ್ಬಿ ಕೊಟ್ಟಳು. "ಇದನ್ನೂ ತಗೊಂಡು ಹೋಗು" ಎಂದು ಕೌದಿಯನ್ನು ನಾನೇ ಮೇಲೆ ಹಾಕಿದೆ.

ಮುಂದಿನ ದೀಪಾವಳಿಗೆ ಅವ್ವ ಬಂದಳು. ಮಲಗುವಾಗ "ಕೌದಿ ಎಲ್ಲೈತೋ?" ಎಂದು ಕೇಳಿದಳು. ಅಟ್ಟದ ಮೇಲೆ ಗಂಟು ಕಟ್ಟಿ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಅವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಎಂದೂ ಕೇಳಲಿಲ್ಲ. 2003ರಲ್ಲಿ ತೀರಿಕೊಂಡಳು. ಡಬ್ಬಿ ಮಾತ್ರ ಈಗಲೂ ಅಡುಗೆಮನೆಯಲ್ಲಿದೆ, ಅವಲಕ್ಕಿ ತುಂಬಿಡುತ್ತೇವೆ.

ಕೈಕೆಲಸ ಉಳಿಸಲು ದೊಡ್ಡ ಪ್ರಯತ್ನಗಳು ನಡೆದಿವೆ, ಅದನ್ನು ಮರೆಯಬಾರದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದನ್ನು ನಡೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕೌದಿಯ ವಿಷಯಕ್ಕೇ ಬಂದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಪ್ರಸಿದ್ಧ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಬಂದವರ ವಂಶಸ್ಥರು ಇವರು. ಮೂಲೆಗಳಿಗೆ ಮಡಿಸಿದ ಬಟ್ಟೆಯ "ಫೂಲ" ಇಡದೆ ಅವರ ಕವಂದಿ ಮುಗಿಯುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಅವರು ಸಹಕಾರಿ ಗುಂಪು ಕಟ್ಟಿಕೊಂಡರು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಪ್ರದರ್ಶನಕ್ಕೂ ಹೋದವು. ಹೊಲಿದ ಕೈಗೆ ದುಡ್ಡು ಬಂತು, ಇದು ಸಂತೋಷದ ಮಾತು.

ಆದರೆ ನಮ್ಮ ಮನೆಯ ಕೌದಿಯನ್ನು ಯಾವ ಮಂಡಳಿಯೂ ಉಳಿಸಿಕೊಡಲಾರದು. ಆಯಿ ಅದನ್ನು ಕಲೆ ಎಂದು ಹೊಲಿಯಲಿಲ್ಲ, ಚಳಿಗೆ ಬೇಕಿತ್ತು, ಹೊಲಿದಳು. ಆದರೂ ಕೆಂಪು ತುಂಡಿನ ಪಕ್ಕ ಯಾವ ತುಂಡು ಕೂಡಬೇಕೆಂದು ಅರ್ಧ ಗಂಟೆ ಯೋಚಿಸುತ್ತಿದ್ದಳು. ದಿನವೆಲ್ಲ ದುಡಿಯುವ ಹೆಂಗಸಿಗೆ ತನ್ನಿಷ್ಟದಂತೆ ನಿರ್ಧರಿಸಲು ಸಿಕ್ಕ ಜಾಗ ಬಹುಶಃ ಅದೊಂದೇ ಇತ್ತು.

2020ರ ಲಾಕ್‌ಡೌನ್‌ನಲ್ಲಿ ಹೆಂಡತಿ ಕಪಾಟಿನ ತಳದಿಂದ ಅವ್ವನ ಒಂದು ಹತ್ತಿ ಸೀರೆ ತೆಗೆದಳು. ದಿನಾ ನಾಲ್ಕರಿಂದ ಐದು ಗಂಟೆ, ಟಿವಿ ಬಂದ್. ಅವಳು, ಸೊಸೆ, ಮೊಮ್ಮಗಳು, ನಾನು ನಾಲ್ಕು ಕಡೆ ಕೂತೆವು. ತಂಬಿಗೆಯ ಬದಲು ಡಿಕ್ಷನರಿ ಇಟ್ಟೆವು! ಮೂರು ತಿಂಗಳು ಹಿಡಿಯಿತು. ನನ್ನ ಕಡೆಯ ಸಾಲುಗಳು ಸೊಟ್ಟ, ನಡುವೆ ಒಂದು ಕಡೆ ಉಬ್ಬಿದೆ. ಕೊನೆಯಲ್ಲಿ ಒಂದು ಚೂರು ಚಪಾತಿ ಇಟ್ಟು ಮುಚ್ಚಿದೆವು. ಮೊಮ್ಮಗಳು ಮಾಲ್‌ನಲ್ಲಿ ನೆನೆದದ್ದು ಈ ಕೌದಿಯನ್ನೇ.

ಈಗ ನಮ್ಮ ಮನೆಯಲ್ಲಿ ಒಂದು ಚೀಲ ತೂಗುಹಾಕಿದ್ದೇವೆ. ಹಳೆಯ ಹತ್ತಿ ಬಟ್ಟೆ ಅದಕ್ಕೇ ಹೋಗುತ್ತದೆ. ಅದು ತುಂಬಿದ ಮೇಲೆ ಇನ್ನೊಂದು ಕೌದಿ. ನಿಮ್ಮ ಅಟ್ಟದ ಮೇಲೆ ಇನ್ನೂ ಯಾರದಾದರೂ ಕೌದಿ ಉಳಿದಿದ್ದರೆ, ಈ ಭಾನುವಾರ ಇಳಿಸಿ ಬಿಸಿಲಿಗೆ ಹಾಕಿ. ಯಾವ ತುಂಡು ಯಾರ ಸೀರೆಯದು ಎಂದು ಮಕ್ಕಳಿಗೆ ತೋರಿಸಿ. ನನಗಂತೂ ಆ ಅವಕಾಶ ಉಳಿದಿಲ್ಲ.