ಪಿಟೀಲಿನ ಬೆನ್ನ ಮೇಲಿನ ಅಲೆಗಳು

ರೇಡಿಯೋದಲ್ಲಿ ಪಿಟೀಲು ಕಚೇರಿ ಕೇಳುವ ನಮಗೆ ದೊರೆಯುವುದು ನಾದವೊಂದೇ. ವಾದ್ಯದ ರೂಪ ಕಾಣದು. ಸಭೆಗೆ ಹೋಗಿ ಕುಳಿತರೂ ಅದರ ಅತಿ ಚೆಲುವಾದ ಭಾಗ ನಮಗೆ ಕಾಣುವುದಿಲ್ಲ. ಅದು ಪಿಟೀಲಿನ ಬೆನ್ನು. ವಿದ್ವಾಂಸರ ಎದೆಗೊತ್ತಿ ಮರೆಯಾಗಿರುತ್ತದೆ. ತಾವು ಎಂದಾದರೂ ಒಂದು ಒಳ್ಳೆಯ ಪಿಟೀಲನ್ನು ಮಗುಚಿ ನೋಡಿದ್ದೀರಾ? ಹುಲಿಯ ಮೈಮೇಲಿರುವಂತೆ ಅಡ್ಡಡ್ಡಲಾಗಿ ಪಟ್ಟೆಗಳು ಹೊಳೆಯುತ್ತವೆ. ಯಾರೂ ಕಾಣದ ಎಡೆಯಲ್ಲಿ ಇಷ್ಟು ಸೊಗಸು ಏತಕ್ಕೆ?

ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರು (1895–1967) ಏಳು ತಂತಿ ಬಿಗಿದು ಅದರ ನಾದವನ್ನು ಹಿಗ್ಗಿಸಿದರು. ಆದರೆ ಅದರ ತವರು ಉತ್ತರ ಇಟಲಿ. ಅಲ್ಲಿ ಪೋ ನದಿಯ ದಡದ ಕ್ರೆಮೋನಾ ಎಂಬ ಊರಿನಲ್ಲಿ 16ನೆಯ ಶತಮಾನದ ನಡುವೆ ಆಂದ್ರೇಯಾ ಅಮಾತಿ ಪಿಟೀಲು ಕಟ್ಟುವ ಪರಂಪರೆಗೆ ನಾಂದಿ ಹಾಡಿದ. ಅದೇ ಊರಿನ ಆಂಟೋನಿಯೋ ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡ. ಅವನ ಕೈಯಿಂದ ಮೂಡಿದ ಸುಮಾರು 650 ವಾದ್ಯಗಳು ಉಳಿದುಬಂದಿವೆ.

ಈ ಕುಶಲಿಗಳು ಎದೆಹಲಗೆಗೆ ಸ್ಪ್ರೂಸ್ ಎಂಬ ಹಗುರವಾದ, ನೇರ ಎಳೆಯ ಮರವನ್ನೂ ಬೆನ್ನಿಗೆ ಮೇಪಲ್ ಎಂಬ ಗಟ್ಟಿ ಮರವನ್ನೂ ಆರಿಸಿಕೊಂಡರು. ತಂತಿಯ ಕಂಪನ ಕುದುರೆಯ ಮೂಲಕ ಮೊದಲು ಇಳಿಯುವುದು ಎದೆಹಲಗೆಗೆ. ನಾದದಲ್ಲಿ ದೊಡ್ಡ ಪಾಲು ಅದರದೇ. ಪಟ್ಟೆಯ ಬೆಡಗು ಮಾತ್ರ ಮೇಪಲ್ಲಿನದು. ಚೆಲುವಾದ ಮೇಪಲ್ ಬಾಲ್ಕನ್ ಬೆಟ್ಟಗಳಿಂದ ಕಡಲು ದಾಟಿ ವೆನಿಸ್ ಪೇಟೆಯ ಮೂಲಕ ಬರುತ್ತಿತ್ತು. ಅದಿಲ್ಲದಾಗ ಸ್ಟ್ರಾಡಿವಾರಿ ಹತ್ತಿರದ ಸಾದಾ ಮರವನ್ನೂ ಬಳಸಿದ್ದಾನೆ. ಕೆಲವು ಚೆಲ್ಲೋಗಳಿಗೆ ಪಾಪ್ಲರ್ ಮರದ ಬೆನ್ನು ಕೊಟ್ಟಿದ್ದಾನೆ. ಅವುಗಳ ನಾದಕ್ಕೇನೂ ಕುಂದಿಲ್ಲ. ಎಂದರೆ, ಪಟ್ಟೆ ನಾದದ ಅಳತೆಗೋಲಲ್ಲ.

ಈ ಪಟ್ಟೆ ಮೂಡುವ ಬಗೆ ಹೀಗೆ: ಕೆಲವು ಮರಗಳಲ್ಲಿ ನಾರುಗಳು ನೇರವಾಗಿ ಬೆಳೆಯದೆ ಅಲೆಅಲೆಯಾಗಿ ಬೆಳೆಯುತ್ತವೆ. ಹಲಗೆ ಕೊಯ್ದಾಗ ನಾರಿನ ತುದಿ ಮೇಲೆ ಬಂದೆಡೆ ಬೆಳಕು ಇಂಗಿ ಕಪ್ಪಾಗಿಯೂ, ಮಗ್ಗುಲು ಬಂದೆಡೆ ಬೆಳಕು ಮರಳಿ ಹೊಳಪಾಗಿಯೂ ಕಾಣುತ್ತದೆ. ವಾದ್ಯವನ್ನು ತುಸು ಓರೆಮಾಡಿದರೆ ಕಪ್ಪು ಹೊಳಪಾಗುತ್ತದೆ, ಹೊಳಪು ಕಪ್ಪಾಗುತ್ತದೆ. ಇಂಥ ಮರವನ್ನು ಉಜ್ಜುಗೊರಡಿನಿಂದ ನಯಗೊಳಿಸುವುದು ಕಷ್ಟ; ನಾರು ಕಿತ್ತುಬರುತ್ತದೆ. ಆದರೂ ಅವರು ಅದನ್ನೇ ಅರಸಿದರು.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮಗನಿಗಾಗಿ ಕೊಂಡ ಪಿಟೀಲನ್ನು ನನಗೆ ತೋರಿಸಿದರು. “ಪಟ್ಟೆ ನೋಡಿ ಮೇಷ್ಟ್ರೇ, ಇದಕ್ಕೆಂದೇ ಹೆಚ್ಚು ಹಣ ತೆತ್ತೆ” ಎಂದರು. ಕಿಟಕಿಯ ಬಳಿ ಹಿಡಿದು ಓರೆಮಾಡಿದೆ. ಪಟ್ಟೆ ಕದಲಲಿಲ್ಲ. ಅದು ಕುಂಚದಿಂದ ಬಳಿದ ಬಣ್ಣ! ಅಗ್ಗದ ಪಿಟೀಲುಗಳಲ್ಲಿ ಈ ಕಪಟ 19ನೆಯ ಶತಮಾನದಿಂದಲೂ ಉಂಟು. ಹುಡುಗನ ಮುಖ ನೋಡಿ ನಾನು ತಂದೆಗೆ ಹೇಳಿದೆ: “ಮೊದಲು ಅವನ ಕೈಯಲ್ಲಿ ನುಡಿಸಿ ಕೇಳೋಣ.” ನಾದ ತಕ್ಕಮಟ್ಟಿಗಿತ್ತು. ಹುಡುಗ ಅದರಲ್ಲೇ ಕಲಿತ.

ನಮ್ಮ ಆಲಂಕಾರಿಕರಲ್ಲಿ ಆನಂದವರ್ಧನನು ಕಾವ್ಯದ ಜೀವ ಧ್ವನಿಯೆಂದ. ಹಾಗೆಂದು ಅಲಂಕಾರ ಬೇಡವೆನ್ನಲಿಲ್ಲ. ಅದು ಬೇರೆ ಯತ್ನವಿಲ್ಲದೆ ಒಳಗಿನಿಂದಲೇ ಮೂಡಿಬರಬೇಕೆಂದ. ಮೇಪಲ್ಲಿನ ಅಲೆ ಮರ ಬೆಳೆದಂತೆ ಬೆಳೆದುಬಂದ ಅಲಂಕಾರ; ಕುಂಚದ ಪಟ್ಟೆ ಹೊರಗಿನಿಂದ ಹೊದಿಸಿದ್ದು.

ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸ್ಸಾಯ’ ಎಂಬ ಚೆಲುವಾದ ಪಿಟೀಲು ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಗಾಜಿನ ಮರೆಯಲ್ಲಿ ಹೆಚ್ಚುಕಡಮೆ ಮೌನವಾಗಿದೆ. ಅದನ್ನು ಕಣ್ಣು ತುಂಬ ನೋಡಬಹುದು, ಕಿವಿ ತುಂಬ ಕೇಳಲಾಗದು. ರೇಡಿಯೋದ ಮುಂದೆ ಕುಳಿತ ನಮ್ಮ ಪಾಡು ಇದಕ್ಕೆ ತಿರುಗುಮುರುಗು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ವಾಚಕರೇ, ತಾವು ಯಾವುದನ್ನು ಆರಿಸುವಿರಿ? ನಾನಂತೂ ರೇಡಿಯೋದ ಗುಂಡಿ ತಿರುಗಿಸುವೆನು.