ಕಿಚ್ಚಿನ ಹೊಗೆಗೆ ಮಾಗಿಯ ಮುಚ್ಚಳ

ಸಂಕ್ರಾಂತಿ ದಿನ ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಲ್ಲಿ ದನಗಳ ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕುತ್ತಾರೆ. ಹೊತ್ತು ಮುಳುಗುವಾಗ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ, ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಎತ್ತು ಹಾರಿತು, ಹಗ್ಗ ಹಿಡಿದವನೂ ಹಾರಿದ, ನೋಡನೋಡುತ್ತಲೇ ಹುಲ್ಲು ಬೂದಿಯಾಯಿತು. ಹೊಗೆ ಮಾತ್ರ ಹೋಗುವುದಿಲ್ಲ. ತೆಂಗಿನ ಮರದ ಎತ್ತರಕ್ಕೆ ಏರಿ, ಮುಂದೆ ದಾರಿ ಕಾಣದೆ ಅಡ್ಡಡ್ಡ ಚಾಚಿ, ಹೆಂಚಿನ ಮೇಲೆ ಬಿಳಿ ಪಂಚೆ ಹರಡಿದ ಹಾಗೆ ಊರ ಮೇಲೆ ಮಲಗುತ್ತದೆ. ಅದೇ ಹುಲ್ಲನ್ನು ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಸುಟ್ಟರೆ ಹೊಗೆ ಸರಸರನೆ ಮೇಲೆದ್ದು ಕರಗಿಹೋಗುತ್ತದೆ.

ಹುಲ್ಲು ಅದೇ, ಬೆಂಕಿ ಅದೇ. ಬದಲಾದದ್ದು ಗಾಳಿ.

ಹಗಲು ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಮೇಲಿನ ತಂಪುಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಕುದಿಯುವ ಎಸರಿನಲ್ಲಿ ಅಕ್ಕಿ ತಿರುಗುವ ಹಾಗೆ ಹೊಗೆ, ದೂಳು ಎಲ್ಲವೂ ಈ ಕಲಕಾಟದಲ್ಲಿ ಸೇರಿ ಮೇಲಕ್ಕೆ ಹಂಚಿಹೋಗುತ್ತವೆ. ಬೇಸಿಗೆಯ ಮಧ್ಯಾಹ್ನ ಇದು ಎರಡು ಮೂರು ಕಿಲೋಮೀಟರ್ ಎತ್ತರ ಮುಟ್ಟುತ್ತದೆ. ಮಾಗಿಯ ರಾತ್ರಿ ಲೆಕ್ಕ ತಿರುಗುಮುರುಗು. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ತಣ್ಣಗಿನ ಭಾರದ ಗಾಳಿ ಕೆಳಗೆ, ಬೆಚ್ಚಗಿನ ಹಗುರ ಗಾಳಿ ಮೇಲೆ. ಭಾರದ್ದು ತಳದಲ್ಲೇ ಕುಳಿತ ಮೇಲೆ ಕಲಕಾಟ ನಿಲ್ಲುತ್ತದೆ. ನೂರಿನ್ನೂರು ಮೀಟರ್ ಎತ್ತರದಲ್ಲೇ ಮುಚ್ಚಳ ಬಿದ್ದಂತೆ. ಹವಾಮಾನ ಬಲ್ಲವರು ಇದನ್ನು ಉಷ್ಣತೆಯ ವಿಲೋಮ ಎನ್ನುತ್ತಾರೆ.

ಗುಂಡ್ಲುಪೇಟೆಯವರಿಗೆ ಈ ಮುಚ್ಚಳವನ್ನು ಮೇಲಿನಿಂದ ನೋಡುವ ಭಾಗ್ಯವಿದೆ. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್. ಅಲ್ಲಿನ ಗುಡಿ ಹೊಯ್ಸಳ ಬಲ್ಲಾಳನ ಕಾಲದ್ದು, 1315ರ ಸುಮಾರಿನದು ಎನ್ನುತ್ತಾರೆ. ಹೆಸರಿನಲ್ಲಿರುವ ಹಿಮ ಮಂಜಿನದು. ಆ ಮಂಜಿನಲ್ಲೂ ಎರಡು ಬಗೆ. ಮಳೆಗಾಲದಲ್ಲಿ ಕೇರಳದ ಕಡೆಯಿಂದ ಬಂದ ಒದ್ದೆ ಗಾಳಿ ಬೆಟ್ಟ ಹತ್ತುತ್ತಾ ತಣಿದು ಮೋಡವಾಗುತ್ತದೆ. ಗುಡಿಯ ಗೋಪುರ ಆ ಮೋಡದೊಳಗೇ ಇರುತ್ತದೆ. ಮಾಗಿಯಲ್ಲಿ ತುದಿ ನಿಚ್ಚಳವಾಗಿದ್ದು, ಕೆಳಗಿನ ಬಯಲು ಮಂಜು ಹೊದ್ದು ಮಲಗುವ ದಿನಗಳಿವೆ. ಊರ ಒಲೆಗಳ ಹೊಗೆ, ಹೆದ್ದಾರಿಯ ಲಾರಿಗಳ ಹೊಗೆ ಎಲ್ಲವೂ ಆ ಹೊದಿಕೆಯ ಅಡಿಯಲ್ಲೇ.

ಮಂಜಿಗೂ ದೂಳಿಗೂ ನಂಟು ಹಳೆಯದು. ಸ್ಕಾಟ್ಲೆಂಡಿನ ಜಾನ್ ಐಟ್ಕಿನ್ 1880ರ ಹೊತ್ತಿಗೆ ಇದನ್ನು ಗಾಜಿನ ಪಾತ್ರೆಯಲ್ಲಿ ತೋರಿಸಿದ. ಹತ್ತಿಯಲ್ಲಿ ಸೋಸಿದ ಗಾಳಿಗೆ ಉಗಿ ಬಿಟ್ಟಾಗ ಪಾತ್ರೆ ತಿಳಿಯಾಗಿಯೇ ಉಳಿಯಿತು. ಕೋಣೆಯ ಮಾಮೂಲಿ ಗಾಳಿಗೆ ಬಿಟ್ಟಾಗ ಒಳಗೆಲ್ಲ ಮಂಜು ಕವಿಯಿತು. ನೀರಾವಿ ಹನಿಗಟ್ಟಲು ಕುಳಿತುಕೊಳ್ಳುವುದಕ್ಕೊಂದು ಕಣ ಬೇಕು. ಹೊಗೆ, ದೂಳು ಹೆಚ್ಚಿದಲ್ಲಿ ಮಬ್ಬು ದಟ್ಟವಾಗುವುದು ಇದಕ್ಕೇ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಇಂಥದೇ ಮುಚ್ಚಳ ಬಿದ್ದು, ಕಲ್ಲಿದ್ದಲ ಹೊಗೆ ಊರಲ್ಲೇ ಕಟ್ಟಿಕೊಂಡು, ಮೊದಲ ಲೆಕ್ಕಕ್ಕೆ ಸಿಕ್ಕ ಸಾವುಗಳೇ ಸುಮಾರು 4,000. ಹತ್ತಿರದ ಉದಾಹರಣೆ ಚೆನ್ನೈನದು. 2018ರ ಭೋಗಿಯ ಬೆಳಗ್ಗೆ ಹಳೆ ಸಾಮಾನು ಸುಟ್ಟ ಹೊಗೆ ಮಂಜಿನೊಡನೆ ಬೆರೆತು ಅಲ್ಲಿ ವಿಮಾನ ಇಳಿಸಲಾಗದ ಸ್ಥಿತಿ ಬಂದಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂಬ ಮಾತಿದೆ. ಓಡುವ ಚಳಿ ಮುಚ್ಚಳವನ್ನೂ ಒಯ್ಯುತ್ತದೆ. ಊರಿಗೆ ಅದು ಒಳ್ಳೆಯದೇ. ಕಾಡಿಗೆ ಮಾತ್ರ ಅಲ್ಲಿಂದಲೇ ಆತಂಕ ಶುರು.

ಚಾಮರಾಜನಗರದ ಕಾಡುಗಳಲ್ಲಿ ಬೆಂಕಿಗೆ ಒಂದು ಕಾಲದಲ್ಲಿ ತಿಥಿ ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣಗಾಲದ ಆರಂಭದಲ್ಲೇ, ಬಿಸಿಲು ಬಲಿಯುವ ಮೊದಲು, ಉದುರಿದ ಎಲೆಗೆ ಬೆಂಕಿ ಹಾಕುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ತರಗು ಬೆಂಕಿ. ನೆಲ ಹಿಡಿದು ಹರಿದು ಆರುವ ಬೆಂಕಿ ಅದು. ಕಾಲುದಾರಿ ಬಿಡುಗಡೆಯಾಗುತ್ತಿತ್ತು, ಪ್ರಾಣಿ ದೂರದಿಂದಲೇ ಕಾಣುತ್ತಿತ್ತು, ನೆಲ್ಲಿ ಮರದ ರಸ ಹೀರುವ ಉಪ್ಪಿಲು ಬಂದಳಿಕೆ ಹತೋಟಿಯಲ್ಲಿರುತ್ತಿತ್ತು. ಮುಚ್ಚಳದ ಕಾಲದಲ್ಲಿ ಹಾಕಿದ ಬೆಂಕಿಯ ಹೊಗೆ ಕಣಿವೆಯಲ್ಲಿ ಕೊಂಚ ಹೊತ್ತು ನಿಲ್ಲುತ್ತಿತ್ತು ನಿಜ, ಆದರೆ ಸುಡುವುದು ಬರೀ ತರಗು, ಹೊಗೆಯೂ ಅಷ್ಟೇ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಈ ಪರಿ ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ.

ಗುಂಡ್ಲುಪೇಟೆಯ ಬಗಲಿನ ಬಂಡೀಪುರದ ಕಥೆಯೂ ಹೆಚ್ಚು ಬೇರೆಯಲ್ಲ. 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲೇ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಇಲ್ಲಿ ಬೆಂಕಿ ತಡೆಯಲು ಬೆಂಕಿ ರೇಖೆ ಬೀಳುತ್ತದೆ, ಬೇಸಿಗೆಗೆಂದೇ ಕಾವಲುಗಾರರು ಬರುತ್ತಾರೆ. ಆದರೂ 2017ರ ಫೆಬ್ರವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿ ಕೊನೆಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ತಂದು ಸುರಿಯಬೇಕಾಯಿತು. ಉಪಗ್ರಹ ಚಿತ್ರದ ಲೆಕ್ಕದಲ್ಲಿ ಸುಟ್ಟದ್ದು 4,400 ಹೆಕ್ಟೇರಿಗೂ ಹೆಚ್ಚು. ಇಂಥ ಬೆಂಕಿಯ ಹೊಗೆ ಮಧ್ಯಾಹ್ನದ ಬಿಸಿಗಾಳಿ ಹಿಡಿದು ಮುಗಿಲೆತ್ತರ ಏರುತ್ತದೆ. ಇರುಳಾದ ಮೇಲೆ ಕೊರಡುಗಳು ಒಳಗೊಳಗೇ ಉರಿಯುವಾಗ ಹೊರಡುವ ಹೊಗೆ ತಣ್ಣನೆಯ ಗಾಳಿಯೊಡನೆ ಇಳುಕಲು ಹಿಡಿದು ಹಳ್ಳಿಗಳತ್ತ ಹರಿಯುತ್ತದೆ.

ಬೆಂಕಿಯ ಹೊಗೆಗೆ ಈಗ ಕಲ್ಲಿನ ದೂಳೂ ಜೊತೆಯಾಗಿದೆ. ಚಾಮರಾಜನಗರದ ಕರಿಕಲ್ಲಿಗೆ ಹೊರದೇಶದಲ್ಲೂ ಬೇಡಿಕೆಯಿದೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ, ಹಿರಿಕಾಟಿ ಕಡೆ ಕ್ವಾರಿ, ಜಲ್ಲಿ ಕ್ರಷರು, ಟಿಪ್ಪರುಗಳ ಓಡಾಟ ನಿತ್ಯದ ನೋಟ. ಜಲ್ಲಿ ದೂಳಿನ ದಪ್ಪ ಕಣ ರಸ್ತೆ ಬದಿಯ ಎಲೆಗಳ ಮೇಲೆ ಕೂರುತ್ತದೆ. ಕೂದಲೆಳೆಯ ಇಪ್ಪತ್ತರಲ್ಲೊಂದು ಪಾಲಿಗಿಂತ ಸಣ್ಣದಾದ ಪಿಎಂ 2.5 ಕಣ ಗಾಳಿಯಲ್ಲೇ ತೇಲಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇಂಥ ಕಣ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದೆಂಬುದು 2009ರಿಂದ ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಮಾಪನ ಕೇಂದ್ರ ಚಾಮರಾಜನಗರದಲ್ಲಿದೆ. ಸ್ವಚ್ಛ ಗಾಳಿಯ ಊರುಗಳ ಪಟ್ಟಿಯಲ್ಲಿ ಆ ಊರಿನ ಹೆಸರು ಹಲವು ಸಲ ಬಂದದ್ದೂ ಉಂಟು. ಆದರೆ ಮಾಪಕ ಹೇಳುವುದು ತಾನಿರುವ ಜಾಗದ ಸುದ್ದಿಯನ್ನು, ಕ್ರಷರ್ ಪಕ್ಕದ ಹಳ್ಳಿಯದನ್ನಲ್ಲ. ದಿನದ ಸರಾಸರಿಯೂ ಬೆಳಗಿನ ಆರು ಗಂಟೆಯ ಗಾಳಿಯನ್ನು ಮಧ್ಯಾಹ್ನದ ಗಾಳಿಯಲ್ಲಿ ಕದಡಿಬಿಡುತ್ತದೆ. ಕ್ರಷರಿಗೆ ನೀರು ಚಿಮುಕಿಸುವುದು ವರ್ಷವಿಡೀ ಆಗಬೇಕಾದ ಕೆಲಸ. ಜೊತೆಗೆ ನವೆಂಬರಿನಿಂದ ಫೆಬ್ರವರಿವರೆಗೆ ಜಲ್ಲಿ ಒಡೆಯುವುದನ್ನು ಬಿಸಿಲೇರಿದ ಮೇಲೆ ಶುರುಮಾಡಿ ಸಂಜೆ ನಾಲ್ಕರೊಳಗೆ ನಿಲ್ಲಿಸಬೇಕು. ಕಿಚ್ಚು ಹಾಯಿಸುವುದು ವರ್ಷಕ್ಕೆ ಒಂದು ಸಂಜೆ. ಮಾಗಿಯ ಮುಚ್ಚಳ ನಾಲ್ಕು ತಿಂಗಳು ಬೀಳುತ್ತದೆ.